ಗುಡ್ಡದಿಂದ ಗುಡ್ಡಕ್ಕೆ ಕನ್ನಡಿಯ ಬೆಳಕು

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಹೊಳಲ್ಕೆರೆಗೆ ಬರುತ್ತಾರೆ. ಹಳೆಯ ನಕ್ಷೆಯಲ್ಲಿರುವ ಗುರುತಿನ ಕಲ್ಲು ಎಲ್ಲಿದೆ, ಯಾವ ಗುಡ್ಡಕ್ಕೆ ಯಾವ ಕಡೆಯಿಂದ ಹತ್ತಬೇಕು ಎಂದು ಕೇಳುತ್ತಾರೆ. ಅವರ ಕೈಯಲ್ಲಿರುವ ಯಂತ್ರ, ಗುಂಡಿ ಒತ್ತಿದರೆ ಸಾಕು, ಮೈಲಿಗಟ್ಟಲೆ ದೂರವನ್ನು ಅಂಗುಲದ ಲೆಕ್ಕಕ್ಕೆ ಹೇಳಿಬಿಡುತ್ತದೆ. ಅದರ ಬಗ್ಗೆ ನಾನು ಅವರಿಗೆ ಕಲಿಸುವಂಥದ್ದು ಏನೂ ಇಲ್ಲ. ಆದರೆ ನಮ್ಮ ಕಡೆಯ ಬಿಸಿಲು ಹಾಗೇ ಇದೆ, ಸಿಡಿಲೂ ಹಾಗೇ ಇದೆ. ಹೋದ ವರ್ಷ ಬಂದಿದ್ದ ಒಬ್ಬ ಹುಡುಗಿ ನನ್ನ ಮಾತು ಕೇಳಿಸಿಕೊಂಡು, "ಇದನ್ನೆಲ್ಲ ಬರೆದಿಡಿ ಸರ್, ನಮಗೆ ತರಬೇತಿಯಲ್ಲಿ ಯಾರೂ ಹೇಳಲಿಲ್ಲ" ಅಂದಳು. ಅವಳ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಡಿಪ್ಲೊಮಾ ಮುಗಿಸಿದ್ದೆ, ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗುಡ್ಡಗಳನ್ನು ಅಳೆಯುವ ಒಂದು ಕ್ಯಾಂಪಿಗೆ ನನ್ನನ್ನು ಹಾಕಿದರು. ಆಗಿನ ಕೆಲಸದ ರೀತಿ ಇಷ್ಟು: ದೂರ ದೂರದ ಮೂರು ಗುಡ್ಡಗಳನ್ನು ಆರಿಸಿಕೊಂಡರೆ ಒಂದು ತ್ರಿಕೋನವಾಗುತ್ತದೆ. ಅದರ ಕೋನಗಳನ್ನು ಸರಿಯಾಗಿ ಅಳೆದು, ಒಂದೇ ಒಂದು ಬದಿಯ ಉದ್ದ ಗೊತ್ತಿದ್ದರೆ, ಉಳಿದ ದೂರಗಳನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕಬಹುದು. ಕೋನ ಅಳೆಯಲು ಥಿಯೋಡೊಲೈಟ್ ಎಂಬ ಯಂತ್ರವಿತ್ತು. ಮೂರು ಕಾಲಿನ ಮರದ ಸ್ಟ್ಯಾಂಡಿನ ಮೇಲೆ ಕೂರಿಸುವ ದುರ್ಬೀನು ಅದು. ಅದನ್ನು ಹೊತ್ತು ಗುಡ್ಡ ಹತ್ತುವುದು, ಎದುರು ಗುಡ್ಡದ ಗುರುತನ್ನು ನೋಡುವುದು, ಬರೆದುಕೊಳ್ಳುವುದು, ಇಳಿಯುವುದು. ಹೇಳಿದರೆ ಇಷ್ಟೇ.

ಮೊದಲ ವಾರವೇ ನಾನು ತಪ್ಪು ಮಾಡಿದೆ. ಹೊಳಲ್ಕೆರೆ ಸೀಮೆಯ ಒಂದು ಬೋಳು ಗುಡ್ಡದ ಮೇಲೆ, ಉತ್ಸಾಹ ಹೆಚ್ಚಾಗಿ, ಹನ್ನೊಂದು ಗಂಟೆಯ ಬಿಸಿಲಲ್ಲಿ ನಿಂತು ಕೋನಗಳನ್ನು ಬರೆದೆ. ಎದುರು ಗುಡ್ಡದ ಬಾವುಟ ದುರ್ಬೀನಿನಲ್ಲಿ ಒಲೆಯ ಮೇಲಿನ ಎಣ್ಣೆಯೊಳಗೆ ಬಿದ್ದಂತೆ ಕದಲುತ್ತಿತ್ತು. ನಾನು ಅಂದಾಜಿನ ಮೇಲೆ ಅದರ ನಡುಮಧ್ಯವನ್ನು ಹಿಡಿದೆ. ಸಂಜೆ ಪುಸ್ತಕವನ್ನು ಕ್ಯಾಂಪ್ ಅಧಿಕಾರಿಯ ಮುಂದಿಟ್ಟೆ. ಅವರ ಹೆಸರು ಶ್ರೀಕಂಠಯ್ಯ. ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ. ಐದು ಸಲ ಬರೆದ ಒಂದೇ ಕೋನ ಐದು ಥರ ಇದ್ದದ್ದನ್ನು ನೋಡಿ ಅವರು ಕನ್ನಡಕ ತೆಗೆದರು.

"ಮಲ್ಲಿಕಾರ್ಜುನ, ಈ ಗುಡ್ಡ ನಡೆದಾಡುತ್ತೇನ್ರೀ?"

"ಇಲ್ಲ ಸರ್."

"ನಿಮ್ಮ ಪುಸ್ತಕದ ಪ್ರಕಾರ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ನಾಲ್ಕು ಹೆಜ್ಜೆ ಹಾಕಿದೆ. ನಾಳೆ ಮತ್ತೆ ಹತ್ತಿ."

ಕಾದ ನೆಲದಿಂದ ಏಳುವ ಗಾಳಿಯಲ್ಲಿ ನೋಟವೇ ಬಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬೆಳಗಿನ ಬೆಳಕು ಬಂದಾಗಿನಿಂದ ಒಂಬತ್ತರವರೆಗೆ ಒಂದು ಪಾಳಿ, ಸಂಜೆ ನಾಲ್ಕರಿಂದ ಆರರವರೆಗೆ ಇನ್ನೊಂದು ಪಾಳಿ. ನಡುವಿನ ಹೊತ್ತು ಯಂತ್ರಕ್ಕೆ ಬಟ್ಟೆ ಹೊದಿಸಿ ಬಂಡೆಯ ನೆರಳಲ್ಲಿ ಬಿದ್ದಿರಬೇಕು. ಇಳಿದು ಮತ್ತೆ ಹತ್ತುವ ತ್ರಾಣ ಯಾರಿಗೂ ಇರುತ್ತಿರಲಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬರುವುದೂ ಸರಿಯಾಗಿ ಆ ಸಂಜೆ ನಾಲ್ಕರಿಂದ ಆರರ ಹೊತ್ತಿಗೇ. ಬಿಸಿಲು ಬಿಟ್ಟುಕೊಟ್ಟ ಎರಡು ಗಂಟೆಯನ್ನು ಸಿಡಿಲು ತನ್ನದು ಎನ್ನುತ್ತಿತ್ತು. ನಮ್ಮ ಕಷ್ಟದ ಬೇರು ಇದ್ದದ್ದು ಅಲ್ಲೇ.

ಶ್ರೀಕಂಠಯ್ಯನವರು ಕೆಟ್ಟವರಲ್ಲ. ಹೊಸದುರ್ಗದ ಹತ್ತಿರ ಬಯಲಿನಲ್ಲಿ ತ್ರಿಕೋನದ ಮೊದಲ ಬದಿಯನ್ನು ಉಕ್ಕಿನ ಟೇಪಿನಿಂದ ಅಳೆದಾಗ, ಬಿಸಿಲಿಗೆ ಟೇಪು ಉದ್ದವಾಗುತ್ತದೆ ಎಂಬುದನ್ನು ನನಗೆ ಮನದಟ್ಟು ಮಾಡಿಸಿದವರು ಅವರೇ. ಪ್ರತಿ ಅಳತೆಗೂ ಟೇಪಿನ ಮಗ್ಗುಲಲ್ಲಿ ಉಷ್ಣಮಾಪಕ ಇಟ್ಟು, ತಾವೇ ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಬೆನ್ನಿಗೆ ಬೊಬ್ಬೆ ಎದ್ದರೂ ತುಟಿಪಿಟಿಕ್ ಅನ್ನಲಿಲ್ಲ. ಯಂತ್ರದ ಮೇಲೆ ಅವರಿಗೆ ದೇವರ ಮೇಲಿನಷ್ಟು ಭಕ್ತಿ. ಕ್ಯಾಂಪಿನಲ್ಲಿ ಒಂದೇ ದೊಡ್ಡ ಕೊಡೆ ಇತ್ತು. "ಅದು ಯಂತ್ರಕ್ಕೆ, ಮನುಷ್ಯರಿಗಲ್ಲ" ಎಂದು ಮೊದಲ ದಿನವೇ ಹೇಳಿದ್ದರು.

ಮನುಷ್ಯರನ್ನು ನೋಡಿಕೊಳ್ಳುವ ಕೆಲಸ ತಿಪ್ಪೇಸ್ವಾಮಿಯದು. ಸಾಮಾನು ಹೊರುವುದರಿಂದ ಹಿಡಿದು ಬಾವುಟ ನೆಡುವವರೆಗೆ ಎಲ್ಲ ಮಾಡುವ ಖಲಾಸಿಗಳಿಗೆ ಅವನು ಹಿರಿಯ. ಹಿರಿಯೂರಿನ ಕಡೆ ಆದಿವಾಲದವನು, ನಲವತ್ತರ ಆಸುಪಾಸು, ಗಿಡ್ಡ ಆಳು, ಗುಡ್ಡ ಹತ್ತುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಮಾತು ಉಸಿರು ತಿನ್ನುತ್ತದೆ ಎನ್ನುತ್ತಿದ್ದ.

ನನ್ನ ಎರಡನೆಯ ತಪ್ಪು ನಡೆದದ್ದು ಅವನ ಕಣ್ಣೆದುರಿಗೆ. ಹೊಸದುರ್ಗದ ಆಚೆ ಒಂದು ಕಡಿದಾದ ಗುಡ್ಡ. ನಾಲ್ಕು ಜನ ಹತ್ತಿದ್ದೆವು. ಒಂದು ಕ್ಯಾನ್ವಾಸ್ ಚೀಲದಲ್ಲಿ ಎಲ್ಲರಿಗೂ ಸೇರಿ ದಿನವಿಡೀ ಕುಡಿಯುವ ನೀರು. ಮೇಲೆ ಮುಟ್ಟಿದ ಕೂಡಲೇ ನಾನು ಚೀಲ ಬಿಚ್ಚಿ ಮುಖ ತೊಳೆದೆ, ಕತ್ತು ತೊಳೆದೆ, ಹಾಗೇ ಕಾಲಿಗೂ ಸುರಿದುಕೊಂಡೆ. ಮನೆಯ ಅಂಗಳದಲ್ಲಿ ನಿಂತವನ ಹಾಗೆ! ತಿಪ್ಪೇಸ್ವಾಮಿ ಬಾವುಟದ ಗಳ ಹಿಡಿದು ನೋಡುತ್ತಾ ನಿಂತಿದ್ದ.

"ಕಾಲು ತೊಳ್ಕಂಡ್ರಾ ಸಾರ್?"

"ಹೂಂ, ಧೂಳಾಗಿತ್ತು."

"ಒಳ್ಳೇದಾತು ಬಿಡ್ರಿ. ಇನ್ನು ಸಂಜಿ ತನಕ ಆ ಕಾಲ್ನೇ ನೋಡ್ಕಂತ ಕುಂತ್ಕಳಾಣ."

ಆಗ ಚೀಲ ಎತ್ತಿ ನೋಡಿದೆ. ಅರ್ಧಕ್ಕಿಂತ ಕಡಿಮೆ ಇತ್ತು. ನಾಚಿಕೆಗೆ ಆ ದಿನ ನಾನು ನೀರನ್ನೇ ಮುಟ್ಟಲಿಲ್ಲ. ಅದು ಇನ್ನೂ ದೊಡ್ಡ ದಡ್ಡತನ. ಒಂದು ಗಂಟೆಯ ಹೊತ್ತಿಗೆ ನನ್ನ ಮೈ ಬೆವರುವುದು ನಿಂತುಹೋಯಿತು. ಚರ್ಮ ಕಾದ ಹಂಚಿನಂತಾಯಿತು. ಎದುರಿನ ಬಂಡೆ ಎರಡಾಗಿ ಕಂಡಿತು. ಏನೋ ಹೇಳಲು ಹೋದರೆ ನಾಲಿಗೆ ತೊದಲಿತು. ತಿಪ್ಪೇಸ್ವಾಮಿ ನನ್ನನ್ನು ಎಳೆದು ಎರಡು ಬಂಡೆಗಳ ಸಂದಿನಲ್ಲಿ ಮಲಗಿಸಿ, ಅಂಗಿ ಬಿಚ್ಚಿ, ತನ್ನ ಟವಲನ್ನು ಒದ್ದೆ ಮಾಡಿ ಎದೆಯ ಮೇಲೆ ಹಾಕಿದ. ಅದರ ಜೊತೆಗೆ ಚೀಲದ ನೀರು ಮುಗಿಯಿತು.

ಗುಡ್ಡದ ಓರೆಯಲ್ಲಿ ಆಡು ಮೇಯಿಸುತ್ತಿದ್ದ ಗೌರಜ್ಜಿ ಎಂಬ ಹೆಂಗಸು ತಿಪ್ಪೇಸ್ವಾಮಿಯ ಕೂಗು ಕೇಳಿ ಹತ್ತಿ ಬಂದಳು. ಸೊಂಟದಲ್ಲಿ ಸೋರೆ ಬುರುಡೆ, ಅದರೊಳಗೆ ಉಪ್ಪು ಹಾಕಿದ ನೀರು ಮಜ್ಜಿಗೆ. ನನ್ನ ತಲೆ ಎತ್ತಿ ಹಿಡಿದು ಬುರುಡೆಯನ್ನು ಬಾಯಿಗೆ ಇಟ್ಟಳು.

"ಗಟಗಟ ಕುಡೀಬ್ಯಾಡ. ಬಾಯಿ ಒದ್ದೆ ಮಾಡ್ಕ. ಆಮ್ಯಾಲೆ ಒಂದೊಂದೇ ಗುಟುಕು." ಆಮೇಲೆ ತಿಪ್ಪೇಸ್ವಾಮಿಯ ಕಡೆ ತಿರುಗಿ, "ಏನಪ್ಪ, ಇಷ್ಟು ಎಳೇದನ್ನ ಈ ಬಿಸ್ಲಾಗೆ ಯಾಕೆ ಕರ್ಕಂಬಂದೀಯ?" ಅಂದಳು.

"ಇವ್ರೇ ನಮ್ಮನ್ನ ಕರ್ಕಂಬಂದಿರೋದು ಕಣಮ್ಮ. ಇವ್ರೇ ಸಾಹೇಬ್ರು."

ಗೌರಜ್ಜಿ ನನ್ನ ಮುಖ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಆಮೇಲೆ ಗುಡ್ಡದ ಬೆನ್ನಿಗಿದ್ದ ಒಂದು ದೊಣೆ ತೋರಿಸಿದಳು. ಬಂಡೆಯ ಬಿರುಕಿನಲ್ಲಿ ನಿಂತ ಮಳೆನೀರು, ಬೇಸಿಗೆಯಲ್ಲೂ ಮೊಣಕಾಲುದ್ದ ಇತ್ತು. ನಮ್ಮ ನಕ್ಷೆಯಲ್ಲಿ ಅದು ಇರಲಿಲ್ಲ. ಮರುದಿನ ನಾನು ಅದನ್ನು ಗುರುತು ಮಾಡಿದೆ. ಅಲ್ಲಿಂದ ಮುಂದೆ ಯಾವ ಗುಡ್ಡ ಹತ್ತುವ ಮುಂಚೆಯೂ ಮೊದಲು ಕುರಿ, ಆಡು ಕಾಯುವವರನ್ನು ಹುಡುಕಿ ದೊಣೆ ಎಲ್ಲಿದೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಬಾಯಾರಿಕೆ ಆಗುವ ತನಕ ಕಾಯಬೇಡಿ, ಗಂಟೆಗೊಮ್ಮೆ ಕುಡಿಯಿರಿ, ಸ್ವಲ್ಪ ಉಪ್ಪು ಜೊತೆಗಿರಲಿ. ಬೆವರು ನಿಂತರೆ ಕೆಲಸವೂ ನಿಲ್ಲಬೇಕು. ಇದನ್ನು ನಾನು ಕಲಿತದ್ದು ಹೀಗೆ.

ಇನ್ನು ಕನ್ನಡಿಯ ವಿಷಯ. ಆರೇಳು ಮೈಲಿ ದೂರದ ಗುಡ್ಡದ ಮೇಲೆ ಬಾವುಟ ನೆಟ್ಟರೆ ಕಾಣುವುದಿಲ್ಲ. ಅದಕ್ಕೆ ಅಲ್ಲಿ ಇಬ್ಬರು ಖಲಾಸಿಗಳನ್ನು ಕನ್ನಡಿ ಕೊಟ್ಟು ಕೂರಿಸುತ್ತಿದ್ದೆವು. ಅವರು ಸೂರ್ಯನ ಬೆಳಕನ್ನು ನಮ್ಮ ಕಡೆ ತಿರುಗಿಸಿದರೆ ದುರ್ಬೀನಿನಲ್ಲಿ ಬೆಳಗಿನ ಶುಕ್ರನಂತೆ ಒಂದು ಚುಕ್ಕೆ ಹೊಳೆಯುತ್ತಿತ್ತು. ನಮ್ಮ ಹತ್ತಿರವೂ ಒಂದು ಕನ್ನಡಿ ಇರುತ್ತಿತ್ತು. ಅದರಿಂದ ಅವರಿಗೆ ಸನ್ನೆ. ಬೆಳಕನ್ನು ಒಂದು ಸಲ ಮುಚ್ಚಿ ತೆಗೆದರೆ ಕನ್ನಡಿ ಸರಿಮಾಡಿಕೊಳ್ಳಿ ಎಂದು. ಮೂರು ಸಲ ಮುಚ್ಚಿದರೆ ಕೆಲಸ ಮುಗಿಯಿತು, ಇಳಿಯಿರಿ ಎಂದು. ಮೂರು ಸಲ ಮುಚ್ಚುವ ತನಕ ಕನ್ನಡಿಯವರು ಜಾಗ ಬಿಟ್ಟು ಕದಲಬಾರದು. ಇದು ಶ್ರೀಕಂಠಯ್ಯನವರ ಕಟ್ಟಾಜ್ಞೆ. ಹಿಂದೆ ಯಾರೋ ಮಧ್ಯದಲ್ಲೇ ಎದ್ದು ಹೋಗಿ ಒಂದು ಇಡೀ ವಾರದ ಕೆಲಸ ಹಾಳಾಗಿತ್ತಂತೆ.

ಮೇ ತಿಂಗಳ ಕೊನೆ. ಕ್ಯಾಂಪು ಹಿರಿಯೂರು ತಾಲ್ಲೂಕಿಗೆ ಬಂದಿತ್ತು. ಮುಂಗಾರು ಹಿಡಿಯುವ ಮುಂಚೆ ಇನ್ನೊಂದು ತ್ರಿಕೋನ ಮುಗಿಯಬೇಕಿತ್ತು. ಮೂರು ಸಂಜೆ ಮೋಡ ಕವಿದು ಕೆಲಸ ನಿಂತಿದ್ದರಿಂದ ಆ ದಿನ ಶ್ರೀಕಂಠಯ್ಯನವರು ನನ್ನನ್ನೂ ತಿಪ್ಪೇಸ್ವಾಮಿಯನ್ನೂ ಕರೆದುಕೊಂಡು ತಾವೇ ಗುಡ್ಡ ಹತ್ತಿದರು. ದಕ್ಷಿಣಕ್ಕಿದ್ದ ದೂರದ ಗುಡ್ಡದಲ್ಲಿ ಓಬಳೇಶ ಮತ್ತು ರಂಗಪ್ಪ ಕನ್ನಡಿ ಹಿಡಿದಿದ್ದರು. ಓಬಳೇಶ ಗಟ್ಟಿಮುಟ್ಟಾದ, ಹೇಳಿದ ಮಾತು ಮೀರದ ಆಳು. ರಂಗಪ್ಪ ಅವನಿಗಿಂತ ಹಿರಿಯ, ತಿಪ್ಪೇಸ್ವಾಮಿಯ ಭಾವಮೈದುನ. ಎರಡು ಗುಡ್ಡಗಳ ನಡುವೆ ಒಂದು ಹಳ್ಳ. ನಾವು ಕಂಡ ಕಾಲದಲ್ಲೆಲ್ಲ ಬರೀ ಮರಳು.

ನಾಲ್ಕೂವರೆಗೆ ಚುಕ್ಕೆ ಎಂದೂ ಇಲ್ಲದಷ್ಟು ನಿಚ್ಚಳವಾಗಿ ನಿಂತಿತು. ಶ್ರೀಕಂಠಯ್ಯನವರು ಓದುತ್ತಿದ್ದರು, ನಾನು ಬರೆಯುತ್ತಿದ್ದೆ. ಮೂಡಲ ಕಡೆ ಮಧ್ಯಾಹ್ನದಿಂದ ಒಂದು ಮೋಡ ಅಟ್ಟದ ಮೇಲೆ ಅಟ್ಟ ಕಟ್ಟುತ್ತಾ ಬಂದಿತ್ತು. ಈಗ ಅದರ ತಳ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಸ್ವಾಮಿ, ಹೋಗಾಣ," ಅಂದ ತಿಪ್ಪೇಸ್ವಾಮಿ. "ಗುಡುಗು ಕೇಳ್ತೈತೆ."

"ಇನ್ನು ಎರಡೇ ಸುತ್ತು ಅಳತೆ. ಈ ಸೀಸನ್ನಿನಲ್ಲೇ ಇಂಥ ಬೆಳಕು ಸಿಕ್ಕಿಲ್ಲ."

ಒಂದು ಸುತ್ತು ಮುಗಿಯಿತು. ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಮಣ್ಣಿನ ವಾಸನೆ ಬಂತು. ನಾನು ಪೆನ್ಸಿಲ್ ಹಿಡಿದ ಕೈ ನೋಡಿದೆ. ರೋಮಗಳೆಲ್ಲ ನೆಟ್ಟಗೆ ಎದ್ದಿದ್ದವು. ಕೊಡೆಯ ಕಬ್ಬಿಣದ ತುದಿ ಕೆರಳಿದ ಜೇನಿನಂತೆ ಗುಂಯ್ ಎನ್ನತೊಡಗಿತು.

"ಎಲ್ಲಾ ಬಿಟ್ಟು ಕೆಳಗಿಳೀರಿ!" ತಿಪ್ಪೇಸ್ವಾಮಿ ಮೊದಲ ಬಾರಿಗೆ ಅಧಿಕಾರಿಯ ಮೇಲೆ ಕೂಗಿದ. "ಗುಡ್ಡ ಕರೀತೈತೆ ಸಿಡ್ಲನ್ನ!"

"ಯಂತ್ರ ಪೆಟ್ಟಿಗೆಗೆ ಹಾಕಿ," ಎಂದರು ಶ್ರೀಕಂಠಯ್ಯನವರು. "ಮಲ್ಲಿಕಾರ್ಜುನ, ಆ ಕಡೆಯವರಿಗೆ ಮೂರು ಸಲ ತೋರಿಸಿ."

ನಾನು ಕನ್ನಡಿ ಹಿಡಿದೆ. ಕನ್ನಡಿಯಲ್ಲಿ ಬೂದು ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಮೋಡದ ಮೇಲ್ತುದಿ ನಮ್ಮ ತಲೆ ದಾಟಿ ಪಡುವಣಕ್ಕೆ ಚಾಚಿ ಸೂರ್ಯನನ್ನು ನುಂಗಿಬಿಟ್ಟಿತ್ತು.

ನಾನು ದುರ್ಬೀನಿಗೆ ಕಣ್ಣಿಟ್ಟೆ. ಆ ಕಾಲದ ದುರ್ಬೀನಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಗುಡ್ಡ ಮೇಲಿತ್ತು, ಮೋಡ ಕೆಳಗಿತ್ತು. ಗುಡ್ಡದ ಅಂಚಿಗೆ ಎರಡು ಕಪ್ಪು ಚುಕ್ಕೆ ಬಾವಲಿಗಳಂತೆ ಅಂಟಿಕೊಂಡಿದ್ದವು. ಅಲುಗುತ್ತಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಕಬ್ಬಿಣದ ಗುರುತಿನ ಗಳದ ಬುಡದಲ್ಲೇ ಕುಳಿತಿದ್ದರು. ಅವರು ನಮ್ಮ ಬೆಳಕಿಗಾಗಿ ಕಾಯುತ್ತಿದ್ದರು. ನಾವು ಬೆಳಕು ತೋರಿಸದೆ ಅವರು ಏಳುವುದಿಲ್ಲ.

"ಎದ್ದಿಲ್ಲ ಸರ್," ಅಂದೆ.

ಶ್ರೀಕಂಠಯ್ಯನವರ ಮುಖ ಬಿಳಿಚಿಕೊಂಡಿತು. ಅವರ ಆಜ್ಞೆ ಅದು. ಆ ಕಡೆ ಓಡಿಹೋಗಿ ಹೇಳಲು ಆರು ಮೈಲಿ. ಬೆಂಕಿ ಹಚ್ಚಿದರೆ ದಿನಾ ಕಾಣುವ ಕಾಡಿಚ್ಚು ಎಂದುಕೊಳ್ಳುತ್ತಾರೆ.

ಆಗ ನಾನು ಕೆಳಗೆ ನೋಡಿದೆ. ಪಡುವಣದ ಅಂಚಿನಲ್ಲಿ ಮೋಡ ಇನ್ನೂ ನೆಲ ಮುಟ್ಟಿರಲಿಲ್ಲ. ಆ ಸಂದಿನಿಂದ ಬಿಸಿಲು ಅಡ್ಡಡ್ಡ ಬಂದು ನಮ್ಮ ಗುಡ್ಡದ ಕೆಳಗಿನ ಭುಜದ ಮೇಲೆ ರಾಗಿ ಒಕ್ಕುವ ಕಣದಷ್ಟು ಜಾಗದಲ್ಲಿ ಬಿದ್ದಿತ್ತು. ತಂಗಡಿ ಗಿಡಗಳು ಅಲ್ಲಿ ಹಳದಿಯಾಗಿ ಉರಿಯುತ್ತಿದ್ದವು.

"ತಿಪ್ಪೇಸ್ವಾಮಿ, ಅಲ್ಲಿ ಬಿಸಿಲಿದೆ. ಅಲ್ಲಿಂದ ಆ ಗುಡ್ಡ ಕಾಣುತ್ತಾ?"

"ಕಾಣ್ತೈತೆ! ಬರ್ರಿ!"

"ಹೋಗಿ," ಎಂದರು ಶ್ರೀಕಂಠಯ್ಯನವರು. "ಅವರು ಎದ್ದರೋ ಇಲ್ಲವೋ ಇಲ್ಲಿಂದ ಯಾರಾದರೂ ನೋಡಬೇಕಲ್ಲ." ಅವರು ಆಗಲೇ ದುರ್ಬೀನಿಗೆ ಕಣ್ಣು ಕೊಟ್ಟಿದ್ದರು. ತಲೆಯ ಮೇಲೆ ಕೊಡೆಯ ತುದಿ ಗುಂಯ್‌ಗುಡುತ್ತಲೇ ಇತ್ತು.

ಕನ್ನಡಿಯನ್ನು ಎದೆಗೆ ಅವಚಿಕೊಂಡು ನಾನು ಆ ಇಳಿಜಾರಿನಲ್ಲಿ ಓಡಿದ್ದು ಓಟವಲ್ಲ, ಬೀಳುವುದನ್ನು ಮುಂದೂಡುತ್ತಾ ಹೋದದ್ದು. ಬಿಸಿಲಿನ ತುಂಡು ನಮ್ಮ ಕಣ್ಣೆದುರೇ ಕೆಳಗೆ ಜಾರುತ್ತಿತ್ತು. ಅದರ ಅಂಚು ಮುಟ್ಟಿದಾಗ ಕನ್ನಡಿ ಝಗ್ಗೆಂದಿತು. ಕನ್ನಡಿಗೆ ಗುರಿ ಹಿಡಿಯುವ ಸ್ಟ್ಯಾಂಡು ಮೇಲೇ ಉಳಿದಿತ್ತು. ತಿಪ್ಪೇಸ್ವಾಮಿ ನನ್ನ ಮುಂದೆ ನಿಂತು ಕೈ ಚಾಚಿ ಎರಡು ಬೆರಳು ಕವಲಾಗಿಸಿದ. ನಾನು ಬಗ್ಗಿ ನೋಡಿದೆ. ಬೆರಳುಗಳ ನಡುವೆ ದೂರದ ಗುಡ್ಡದ ತುದಿ.

"ಬೆಳಕು ನನ್ನ ಬೆಳ್ಳ ಮ್ಯಾಲೆ ಬಿಡ್ರಿ. ಎರಡು ಬೆಳ್ಳೂ ಬೆಳಗ್ಬೇಕು. ಹಂಗೇ... ಹಂಗೇ ಹಿಡೀರಿ."

ಅವನ ಬೆರಳು ಕದಲಲಿಲ್ಲ. ಮೂರು ಸಲ ಮುಚ್ಚಿ ತೆಗೆದೆ. ಸ್ವಲ್ಪ ತಡೆದು ಮತ್ತೆ ಮೂರು ಸಲ. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಬೆರಳ ಮೇಲಿನ ಬೆಳಕು ಮಸುಕಾಯಿತು, ಬಿಸಿಲು ಹೋಯಿತು.

ಮೇಲಿನಿಂದ ಸದ್ದಿಲ್ಲ. ಗುಡುಗು ಉರುಳಿತು. ಆಮೇಲೆ ಗಾಳಿಯಲ್ಲಿ ಹರಿದು ಬಂತು, ಆ ಗಂಭೀರ ಮನುಷ್ಯನ ಕೀರಲು ಕೂಗು: "ಎದ್ದ್ರು! ಎದ್ದ್ರು! ಇಳೀತಿದಾರೆ!"

"ನೀವೂ ಇಳೀರಿ ಸ್ವಾಮಿ!" ತಿಪ್ಪೇಸ್ವಾಮಿ ಎರಡೂ ಕೈ ಬಾಯಿಗಿಟ್ಟು ಅರಚಿದ. "ಯಂತ್ರ ಮುಟ್ಬ್ಯಾಡ್ರಿ!"

ಶ್ರೀಕಂಠಯ್ಯನವರು ಬರಿಗೈಯಲ್ಲಿ ಬಂದರು. ಅಷ್ಟು ವರ್ಷದ ನೌಕರಿಯಲ್ಲಿ ಯಂತ್ರ ಬಿಟ್ಟು ಇಳಿದದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ಹತ್ತಿರದಲ್ಲಿ ಒಂದು ಆಲದ ಮರವಿತ್ತು. ಅವರು ಅತ್ತ ತಿರುಗಿದರೆ ತಿಪ್ಪೇಸ್ವಾಮಿ ರಟ್ಟೆ ಹಿಡಿದು ಎಳೆದ. "ಒಂಟಿ ಮರದ ಬುಡಕ್ಕೆ ಬ್ಯಾಡ. ಈ ತಗ್ಗಿನಾಗೆ ದೂರ ದೂರ ಕುಂತ್ಕಳ್ರಿ. ಕಾಲು ಜೋಡಿಸ್ರಿ, ತಲೆ ತಗ್ಗಿಸ್ರಿ." ನಾವು ಮೂವರು ಹತ್ತಾರು ಮಾರು ಅಂತರದಲ್ಲಿ ಕುಕ್ಕರಗಾಲಲ್ಲಿ ಕುಳಿತೆವು. ಆಲಿಕಲ್ಲು ಬೆನ್ನಿಗೆ ಬಡಿಯತೊಡಗಿತು. ಇದ್ದಕ್ಕಿದ್ದಂತೆ ಲೋಕವೆಲ್ಲ ಬೆಳ್ಳಗಾಯಿತು. ಶಬ್ದ ಕಿವಿಗೆ ಕೇಳಿಸಿತು ಎನ್ನುವುದಕ್ಕಿಂತ ಹಲ್ಲಿಗೆ ಬಡಿಯಿತು ಎನ್ನಬೇಕು. ನಾವು ಐದು ನಿಮಿಷದ ಹಿಂದೆ ನಿಂತಿದ್ದ ನೆತ್ತಿಗೆ ಸಿಡಿಲು ಹೊಡೆದಿತ್ತು.

ಮಳೆ ಮುಕ್ಕಾಲು ಗಂಟೆ ಸುರಿಯಿತು. ನಿಂತ ಮೇಲೆ ಮೇಲಕ್ಕೆ ಯಾರೂ ಹೋಗಲಿಲ್ಲ. ಮೂವರೂ ಹಳ್ಳದ ಕಡೆ ನಡೆದೆವು. ಮರಳಿನ ಹಳ್ಳ ಈಗ ದಡದಿಂದ ದಡಕ್ಕೆ ಕೆಂಪು ನೀರು, ಬೇರುಸಹಿತ ಕಿತ್ತ ಜಾಲಿ ಗಿಡಗಳು ಅದರ ಮೇಲೆ ಉರುಳುತ್ತಿದ್ದವು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಬೆಳಕು ಕಡಿಮೆಯಾಗುತ್ತಾ ಬಂತು. ಶ್ರೀಕಂಠಯ್ಯನವರು ಒದ್ದೆ ಬಟ್ಟೆಯಲ್ಲಿ ದಡದ ಮೇಲೆ ಆ ಕಡೆಗೂ ಈ ಕಡೆಗೂ ನಡೆಯುತ್ತಿದ್ದರು. ನನಗೆ ಅವರ ಕಡೆ ನೋಡುವ ಧೈರ್ಯವಾಗಲಿಲ್ಲ. ಬೆಳಕನ್ನು ಕಂಡು ಎದ್ದವರು ಇಳಿಯುವಾಗ ಏನಾದರೂ ಆಗಿದ್ದರೆ?

ಮುಸ್ಸಂಜೆಯ ಹೊತ್ತಿಗೆ ಆಚೆ ಪೊದೆ ಅಲುಗಿತು. ಮೊದಲು ಕಂಡದ್ದು ತಲೆಯ ಮೇಲೆ ಹೊತ್ತ ಕನ್ನಡಿಯ ಪೆಟ್ಟಿಗೆ, ಅದರ ಕೆಳಗೆ ಓಬಳೇಶ, ಹಿಂದೆ ರಂಗಪ್ಪ. ನಮ್ಮನ್ನು ನೋಡಿದ್ದೇ ಓಬಳೇಶ ಪಂಚೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟ.

"ಲೇ ಓಬಳೇಶ! ಹಿಂದಕ್ಕೆ ಹೋಗಲೇ!" ತಿಪ್ಪೇಸ್ವಾಮಿಯ ಗಂಟಲು ಹರಿಯುವಂತೆ ಕೂಗು.

"ಸಾಹೇಬ್ರು ಕಾಯ್ತಾ ಅವ್ರೆ!" ಎಂದು ಅವನು ಅಲ್ಲಿಂದಲೇ ಕೂಗಿದ.

ಆಗ ಶ್ರೀಕಂಠಯ್ಯನವರು ನೀರಿನ ಅಂಚಿಗೆ ಇಳಿದು, "ಸಾಹೇಬರು ಬೆಳಗಿನ ತನಕ ಕಾಯ್ತಾರೆ! ಅಲ್ಲೇ ಇರಪ್ಪಾ!" ಎಂದು ಕೂಗಿದರು. ಅವರು ಖಲಾಸಿಯೊಬ್ಬನನ್ನು ಅಪ್ಪಾ ಎಂದು ಕರೆದದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ನಮ್ಮ ಹಳ್ಳಗಳು ಬಂದಷ್ಟೇ ಬೇಗ ಇಳಿಯುತ್ತವೆ. ಬೆಳಿಗ್ಗೆ ನೀರು ಹಿಮ್ಮಡಿಯುದ್ದ ಇತ್ತು. ಆಚೆ ಹಳ್ಳಿಯ ಒಂದು ಮನೆಯ ಜಗಲಿಯಲ್ಲಿ ಮಲಗಿದ್ದವರು ನಗುತ್ತಾ ದಾಟಿ ಬಂದರು. ರಂಗಪ್ಪ ನಡೆದದ್ದನ್ನು ಹೇಳಿದ.

"ಬೆಳಕು ಬಂತು ಸಾರ್, ಆದ್ರೆ ನೆತ್ತಿ ಮ್ಯಾಲಿಂದ ಅಲ್ಲ, ಪಕ್ಕೆಯಿಂದ. ಇವ್ನು ಏಳಂಗಿಲ್ಲ ಅಂದ. ನಮ್ಮೋರು ಮ್ಯಾಲೆ ಅವ್ರೆ, ಇದು ಯಾರೋ ಕನ್ನಡಿ ಹಿಡ್ದು ಆಡ್ತಾ ಅವ್ರೆ ಅಂದ. ನಾನಂದೆ, ಮೂರು ಸಲ ಮುಚ್ಚೋದು ಆಡೋರಿಗೆ ಹೆಂಗಲೇ ಗೊತ್ತಾಗ್ತೈತೆ? ಎರಡ್ನೇ ಸಲ ಮೂರು, ಮೂರ್ನೇ ಸಲಾನೂ ಮೂರು. ರಟ್ಟೆ ಹಿಡ್ದು ಎಬ್ಬಿಸ್ದೆ."

ಓಬಳೇಶ ತಲೆ ಕೆರೆದುಕೊಂಡ. "ಆಜ್ಞೆ ಅಂದ್ರೆ ಆಜ್ಞೆ ಅಲ್ವಾ ಸ್ವಾಮಿ?"

ಶ್ರೀಕಂಠಯ್ಯನವರು ಗುಡ್ಡದ ಕಡೆ ತಿರುಗಿ ನಡೆದರು. ಗುಡ್ಡ ಹತ್ತಿ ನೋಡಿದಾಗ ಕೊಡೆಯ ಬಟ್ಟೆ ಸುಟ್ಟು ಕಡ್ಡಿಗಳಷ್ಟೇ ನಿಂತಿದ್ದವು. ಸ್ಟ್ಯಾಂಡಿನ ಒಂದು ಕಾಲು ಕಬ್ಬು ಸಿಗಿದಂತೆ ಉದ್ದಕ್ಕೆ ಸೀಳಿತ್ತು. ಥಿಯೋಡೊಲೈಟ್ ಪಕ್ಕಕ್ಕೆ ಬಿದ್ದಿತ್ತು. ಅದು ರಿಪೇರಿಗೆ ಹೋಗಿ ಮುಂದಿನ ವರ್ಷ ವಾಪಸ್ಸು ಬಂತು. ಅವರು ಮೇಲಿನ ಕಚೇರಿಗೆ ಬರೆದ ವರದಿಯನ್ನು ನನ್ನಿಂದಲೇ ನಕಲು ಮಾಡಿಸಿದರು. ಯಂತ್ರ ಬಿಟ್ಟು ಬಂದದ್ದು ತಮ್ಮ ತೀರ್ಮಾನ, ಮೋಡ ಕಂಡ ಮೇಲೂ ಕೆಲಸ ಮುಂದುವರಿಸಿದ್ದು ತಮ್ಮ ತಪ್ಪು ಎಂದು ಅದರಲ್ಲಿ ನೇರವಾಗಿ ಇತ್ತು. ಬೇರೆ ಯಾರ ಹೆಸರನ್ನೂ ತರಲಿಲ್ಲ.

ಆ ಸಂಜೆ ಎಲ್ಲ ಖಲಾಸಿಗಳನ್ನೂ ಗುಡಾರದ ಮುಂದೆ ಕೂರಿಸಿಕೊಂಡು ತಿಪ್ಪೇಸ್ವಾಮಿಯನ್ನು ತಮ್ಮ ಪಕ್ಕದ ಕುರ್ಚಿಗೆ ಕರೆದರು. ಅವನು ಕುರ್ಚಿಯ ಮೇಲೆ ಕೂರಲೊಲ್ಲದೆ ನಿಂತೇ ಇದ್ದ. "ಇನ್ನು ಮುಂದೆ ಗುಡುಗು ಕೇಳಿದರೆ ಅದೇ ಆಜ್ಞೆ," ಎಂದರು. "ಕನ್ನಡಿ ಹಿಡಿದವರು ಯಾರ ಬೆಳಕಿಗೂ ಕಾಯಬೇಕಾಗಿಲ್ಲ. ಇಳಿಯಿರಿ. ಕೆಲಸ ಹಾಳಾದರೆ ಮತ್ತೆ ಹತ್ತೋಣ." ಎರಡು ಗಂಟೆಯ ಹೊತ್ತಿಗೆ ಮೋಡ ಅಟ್ಟ ಕಟ್ಟಿದ್ದರೆ ಆ ದಿನ ಸಂಜೆಯ ಪಾಳಿಯೇ ಇಲ್ಲ ಎಂದೂ ತೀರ್ಮಾನವಾಯಿತು. ಅದನ್ನು ನೋಡಿ ಹೇಳುವ ಅಧಿಕಾರ ತಿಪ್ಪೇಸ್ವಾಮಿಗೆ.

ಸಂಜೆ ಕಳೆದುಕೊಂಡದ್ದನ್ನು ಬೆಳಗಿನ ಜಾವದಲ್ಲಿ ತುಂಬಿಸಿಕೊಳ್ಳಲು ಕಲಿತೆವು. ಕನ್ನಡಿಯ ಬದಲು ದೀಪವಿಟ್ಟು ಬೆಳಕು ಹರಿಯುವ ಮುಂಚೆ ಕೋನ ಹಿಡಿಯುತ್ತಿದ್ದೆವು. ಆ ತಂಪಿನಲ್ಲಿ ಬೆಳಕಿನ ಚುಕ್ಕೆ ಸೂಜಿಮೊನೆಯಂತೆ ನಿಲ್ಲುತ್ತಿತ್ತು. ಬೇರೆ ಕ್ಯಾಂಪಿನಿಂದ ಎರವಲು ತಂದ ಹಳೆಯ ಯಂತ್ರದಲ್ಲೇ ಜೂನ್ ಮೊದಲ ವಾರ ಆ ತ್ರಿಕೋನ ಮುಗಿಯಿತು. ಮೂರು ಕೋನ ಕೂಡಿಸಿ ನೋಡಿದರೆ ಇಡೀ ಸೀಸನ್ನಿನಲ್ಲಿ ನೂರೆಂಬತ್ತು ಡಿಗ್ರಿಗೆ ಅಷ್ಟು ಹತ್ತಿರ ಬಂದದ್ದು ಬೇರೊಂದಿರಲಿಲ್ಲ. ಶ್ರೀಕಂಠಯ್ಯನವರು ಲೆಕ್ಕವನ್ನು ಎರಡು ಸಲ ನೋಡಿ, ಹಿರಿಯೂರಿನಿಂದ ಎಳನೀರು ತರಿಸಿ, ಎಲ್ಲರಿಗೂ ತಾವೇ ಕೊಚ್ಚಿ ಕೊಟ್ಟರು. ಕೊಚ್ಚುವುದು ಬಾರದೆ ಎರಡನ್ನು ಹಾಳು ಮಾಡಿದರು.

ಆಮೇಲೆ ವಿಧಾನಗಳು ಬದಲಾದವು. ಆ ದಶಕದ ಕೊನೆಗೆ ದೂರವನ್ನು ನೇರವಾಗಿ ಅಳೆಯುವ ಯಂತ್ರಗಳ ಸುದ್ದಿ ಬಂತು. ಗುಡ್ಡದಿಂದ ಗುಡ್ಡಕ್ಕೆ ಮಾತಾಡುವ ವೈರ್‌ಲೆಸ್ ಪೆಟ್ಟಿಗೆಗಳೂ ಬಂದವು. ಅವುಗಳ ಬ್ಯಾಟರಿ ನಮ್ಮ ಬಿಸಿಲಿಗೆ ಬಹಳ ದಿನ ತಡೆಯುತ್ತಿರಲಿಲ್ಲ. ಕನ್ನಡಿಯನ್ನು ನಾವು ಕೈಬಿಡಲಿಲ್ಲ.

ಅಂಥ ಒಂದು ವರ್ಷ ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲಿದ್ದೆವು. ಕನ್ನಡಿಯವರ ಗುಡ್ಡ ಈ ಸಲ ಎರಡೇ ಮೈಲಿ ದೂರ. ಆಗ ಯಂತ್ರದ ಮುಂದೆ ಕುಳಿತವನು ಹೊಸದಾಗಿ ಸೇರಿದ್ದ ಸರ್ವೆಯರ್ ವಿಶ್ವನಾಥ, ಪಕ್ಕದಲ್ಲಿ ಬರೆಯುತ್ತಿದ್ದವನು ನಾನು. ಸಂಜೆ ನಾಲ್ಕು ದಾಟಿತ್ತು. ಬೆಳಕು ಒಳ್ಳೆಯದಿತ್ತು. ಅವನು ಖುಷಿಯಿಂದ ಒಂದರ ಹಿಂದೆ ಒಂದು ಅಂಕೆ ಹೇಳುತ್ತಿದ್ದವನು ಥಟ್ಟನೆ ನಿಂತ.

"ಚುಕ್ಕೆ ಹೋಯ್ತು ಸರ್. ಆ ಕಡೆ ಬಿಸಿಲು ಇದೆ, ಆದರೂ ಕನ್ನಡಿ ಇಲ್ಲ. ಹೇಳದೆ ಕೇಳದೆ ಇಳಿದುಬಿಟ್ಟಿದಾರೆ!"

ನಾನು ಕಣ್ಣಿಟ್ಟು ನೋಡಿದೆ. ಗುಡ್ಡದ ನೆತ್ತಿ ಖಾಲಿಯಾಗಿತ್ತು. ಇಳಿಜಾರಿನಲ್ಲಿ ಇಬ್ಬರು ಪೆಟ್ಟಿಗೆ ಹೊತ್ತು ಅವಸರವಿಲ್ಲದೆ ಇಳಿಯುತ್ತಿದ್ದರು. ಅವರ ಬೆನ್ನ ಹಿಂದೆ, ನಮಗಿನ್ನೂ ಸದ್ದು ಕೇಳಿಸದಷ್ಟು ದೂರದಲ್ಲಿ, ಒಂದು ಮೋಡದ ಹೊಟ್ಟೆಯಲ್ಲಿ ಮಿಂಚು ಆಡುತ್ತಿತ್ತು.

"ಇವರ ಮೇಲೆ ಬರೆಯಬೇಕಲ್ವಾ ಸರ್?" ಅಂದ ವಿಶ್ವನಾಥ.

"ಬರೆಯೋಣ," ಅಂದೆ. ಪುಸ್ತಕ ತೆಗೆದು, ಇಳಿದವರಿಬ್ಬರ ಹೆಸರು ಬರೆದು, ಮುಂದೆ 'ಗುಡುಗು ಕೇಳಿ ಸರಿಯಾದ ಹೊತ್ತಿಗೆ ಇಳಿದರು' ಎಂದು ಬರೆದೆ. ಆಮೇಲೆ ಇಬ್ಬರೂ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಬೀಗ ಒತ್ತಿದೆವು. ಎರಡು ಗುಡ್ಡಗಳ ನಡುವಿನ ಊರಿನ ಶಾಲೆಯ ಜಗಲಿ ಮುಟ್ಟುವ ಹೊತ್ತಿಗೆ ಮೊದಲ ಹನಿಗಳು ಹೆಂಚಿನ ಮೇಲೆ ಬಿದ್ದವು. ಮಳೆ ಜೋರಾಗುವ ಮುಂಚೆ ಆ ಇಬ್ಬರೂ ಬಂದು ಸೇರಿಕೊಂಡರು. ಎಲ್ಲರ ಬಟ್ಟೆಯೂ ಒಣಗಿಯೇ ಇತ್ತು.